ಬಾಗಿಲ ಬಳಿ ಮಲಗಿದವಳು

ಉದಗೀರ
೨೦ ನವೆಂಬರ್ ೨೦೨೩

ಅವ್ವನಿಗೆ ಮೀನಲಳ ಶರಣಾರ್ಥಿ.

ಶರಣಾರ್ಥಿ ಎಂದು ಬರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ತಿಳಿಯದು. ಬೇರೆ ಮಾತು ತೋಚಲಿಲ್ಲ, ಬರೆದುಬಿಟ್ಟೆ.

ದಸರೆಗೆ ಸಾಸ್ತೂರಿಗೆ ಬಂದು ಕೊರಳಿನ ಲಿಂಗ ತೆಗೆದು ನಿನ್ನ ಕೈಯಲ್ಲಿಟ್ಟ ದಿನದಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀ. ಫೋನ್ ಮಾಡಿದರೆ ಗಿರಿಜಾ ಕಾಕಿ ಎತ್ತುತ್ತಾಳೆ. "ನಿಮ್ಮವ್ವ ಇಲ್ಲೇ ಕುಂತಾಳವಾ. ಇಲ್ಲ ಅಂತ ಹೇಳು ಅಂತ ಕೈಸನ್ನಿ ಮಾಡ್ಲಿಕತ್ತಾಳ," ಎಂದು ನನಗೇ ಹೇಳುತ್ತಾಳೆ. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತದೆ. ಅದಕ್ಕೇ ಈ ಪತ್ರ. ನೀನು ಆಣೆ ಹಾಕಿದ್ದು ಮಾತಿನ ಮೇಲೆ, ಅಕ್ಷರದ ಮೇಲಲ್ಲ. ನನಗೆ ಕನ್ನಡ ಅಕ್ಷರ ತಿದ್ದಿಸಿದವಳೂ ನೀನೇ. ತೊಂಬತ್ತಮೂರರ ಭೂಕಂಪದ ಮರುವರ್ಷ, ಇಡೀ ದಿನ ಶಾಲೆಯಲ್ಲಿ ಮರಾಠಿ ಬರೆದು ಬಂದವಳನ್ನು ಸಂಜೆ ತಗಡಿನ ಶೆಡ್ಡಿನ ಮುಂದೆ ಕೂರಿಸಿಕೊಂಡು, "ನನ್ನ ತವರಮನಿ ಭಾಷಾ ಬರಲಿಲ್ಲಂದ್ರ ನಾ ನಿನಗ ಅವ್ವ ಅಲ್ಲ" ಎನ್ನುತ್ತಿದ್ದೆ.

ನೀನು ಏನೇನು ಊಹಿಸಿಕೊಂಡಿದ್ದೀಯೋ ಅದನ್ನೆಲ್ಲ ಮೊದಲು ತೆಗೆದುಹಾಕುತ್ತೇನೆ. ಮತ ಬದಲಿಸು ಎಂದು ಯಾರೂ ನನಗೆ ಅಕ್ಕಿಯ ಚೀಲ ಕೊಟ್ಟಿಲ್ಲ. ಯಾರನ್ನೋ ಮದುವೆಯಾಗುವುದಕ್ಕೂ ಹೊರಟಿಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ತಲೆ ಹಣ್ಣಾಗುತ್ತಾ ಬಂತು. ಮಗು ಹೋದಾಗ ತಾಯಂದಿರು ಡಾಕ್ಟರರನ್ನು ಕೇಳುವುದಿಲ್ಲ, ನನ್ನ ಸೆರಗು ಹಿಡಿದು ಕೇಳುತ್ತಾರೆ: "ಯಾಕ್ರೀ ಸಿಸ್ಟರ್?" ನನ್ನ ಹತ್ತಿರ ಕೊಡಲು ಏನೂ ಇರುತ್ತಿರಲಿಲ್ಲ. ಹೋದ ವರ್ಷ ಜಳಕೋಟದ ಒಬ್ಬ ಅಜ್ಜಿ ಮೊಮ್ಮಗನ ಹಾಸಿಗೆಯ ಪಕ್ಕ ಕೂತು ನನಗೆ ಯೇಸುವಿನ ಕಥೆ ಹೇಳಿದಳು. ಕಟ್ಟಿಗೆಗೆ ಜಡಿಸಿಕೊಂಡವನು ಸಾಯುವ ಮುಂಚೆ, ಅಪ್ಪಾ ನನ್ನ ಕೈ ಯಾಕೆ ಬಿಟ್ಟೆ ಎಂದು ಕೂಗಿದನಂತೆ. ಮೇಲಿಂದ ಉತ್ತರ ಬರಲಿಲ್ಲವಂತೆ. ಹೀಗೆ ಕೇಳುವ ದೇವರು ಒಬ್ಬನಿದ್ದಾನೆಂದು ನನಗೆ ಗೊತ್ತಿರಲಿಲ್ಲ ಅವ್ವ. ಆ ಪ್ರಶ್ನೆಯನ್ನು ಅಷ್ಟು ಜೋರಾಗಿ ಕೇಳಿದವರಲ್ಲಿ ನಾನು ಕಂಡಿದ್ದು ನಿನ್ನೊಬ್ಬಳನ್ನೇ.

ಇಲ್ಲಿನ ಕ್ರೈಸ್ತರ ಒಂದು ಚಿಕ್ಕ ಸಭೆಗೆ ಪ್ರತಿ ರವಿವಾರ ಹೋಗುತ್ತಿದ್ದೇನೆ. ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂದಿದ್ದೇನೆ. ಕದ್ದು ಮಾಡುವುದಿಲ್ಲ ಎಂದೇ ತಿಳಿಸಿದ್ದೇನೆ.

ನಿನ್ನ ಮಗಳೇ,
ಮೀನಲ


ಸಾಸ್ತೂರ
೧೦ ಡಿಸೆಂಬರ್ ೨೦೨೩

ಮೀನಲಾ,

ಇದು ಬರಹ, ಮಾತಲ್ಲ. ಮಾತು ಬಿಟ್ಟಿದ್ದು ಬಿಟ್ಟ ಹಾಗೆಯೇ ಇದೆ. ಆಡುವುದು ಬೇರೆ, ಬರೆಯುವುದು ಬೇರೆ ಎಂದು ಭಾಲ್ಕಿಯ ಶಾಲೆಯಲ್ಲಿ ಮಾಸ್ತರರು ಕೈಮೇಲೆ ಬಾರಿಸಿ ಕಲಿಸಿದ್ದರು. ಅದು ಈಗ ಉಪಯೋಗಕ್ಕೆ ಬಂತು.

ಶರಣಾರ್ಥಿ ಬರೆಯುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಡ. ಬರೆ.

ನನ್ನ ಕೊರಳಲ್ಲಿ ಈಗ ಮೂರು ಲಿಂಗ. ನನ್ನದು, ನಿನ್ನ ತಮ್ಮ ವೀರಭದ್ರನದು, ಈಗ ನಿನ್ನದು. "ಅಕ್ಕಾ, ನಿನ್ನ ಕೊರಳು ಹಬ್ಬದಾಗಿನ ಎತ್ತಿನ ಕೊರಳ ಆಗ್ಯದ" ಎಂದು ಗಿರಿಜಾ ನಗುತ್ತಾಳೆ. ನಗಲಿ. ಭಾರ ಹೊತ್ತವಳು ನಾನು.

ಭೂಕಂಪ ಆದಾಗ ನಿನಗೆ ಏಳು ವರ್ಷ, ಎಷ್ಟು ನೆನಪಿದೆಯೋ ಕಾಣೆ. ನಮ್ಮಲ್ಲಿ ಹೋದವರನ್ನು ಕೂಡಿಸಿ, ಅವರ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಆ ದಿನ ಊರಿನಲ್ಲಿ ಕೂಡಿಸುವವರು ಯಾರಿದ್ದರು, ತಗ್ಗು ತೋಡುವವರು ಯಾರಿದ್ದರು? ಮಳೆ ಸುರಿಯುತ್ತಿತ್ತು. ಎಲ್ಲ ಜಾತಿಯವರನ್ನೂ ಒಟ್ಟಿಗೆ ಇಟ್ಟು ಸುಟ್ಟರು. ಅವರೊಳಗೆ ನನ್ನ ಐದು ವರ್ಷದ ಕೂಸು. ಅವನ ಲಿಂಗ ಆಟದಲ್ಲಿ ಕಳೆದೀತೆಂದು ನನ್ನ ಕೊರಳಲ್ಲೇ ಇತ್ತು, ಹಾಗೆಯೇ ಉಳಿಯಿತು. ಅದಕ್ಕಾದರೂ ಮಣ್ಣು ಕೊಡು ಎಂದು ಎಲ್ಲರೂ ಹೇಳಿದರು. ಇಂಥ ಕೂಸನ್ನು ದೇವರು ಯಾಕೆ ಕೊಂದ ಅಂತ ಸರಿಯಾದ ಕಾರಣ ಯಾರಾದರೂ ಹೇಳಲಿ, ಆಮೇಲೆ ಕೊಡುತ್ತೇನೆ ಎಂದೆ.

ನಮ್ಮ ಮನೆತನದ ಜಂಗಮ ಭೀಮಾಶಂಕರಯ್ಯ ಶೆಡ್ಡಿಗೆ ಬಂದಿದ್ದ, ನಿನಗೆ ಗೊತ್ತಿರಬೇಕು. ಮನೆ ಬಿದ್ದಿದ್ದರೂ ನಿಮ್ಮಪ್ಪ ಪದ್ಧತಿ ಬಿಡಲಿಲ್ಲ. ಮಣೆ ಹಾಕಿ ಅಯ್ಯನ ಪಾದ ತೊಳೆದೆವು. ಆ ನೀರನ್ನು ಕೈಯಲ್ಲಿ ಹಿಡಿದು, ಇನ್ನೇನು ಕುಡಿಯಬೇಕು, ಅಷ್ಟರಲ್ಲಿ ಅಂವಾ ಅಂದ: "ಹಿಂದಿನ ಜನ್ಮದ್ದು ಇರ್ತದ ತಂಗಿ. ಕೂಸಿಂದು ಇಲ್ಲಂದ್ರ ತಾಯಿಂದು." ನಾನು ಆ ನೀರನ್ನು ಅವನ ಪಾದದ ಮೇಲೆಯೇ ಸುರಿದು ಎದ್ದು ಬಂದೆ. "ನಿಮ್ಮ ನೀರು ನಿಮ್ಮ ಹತ್ರನೇ ಇರ್ಲಿರೀ" ಎಂದೆ. ಆವತ್ತಿನಿಂದ ಯಾವ ಅಯ್ಯನ ಪಾದವನ್ನೂ ತೊಳೆದಿಲ್ಲ. ಲಿಂಗಪೂಜೆ ಒಂದು ದಿನವೂ ತಪ್ಪಿಸಿಲ್ಲ. ಜಗಳ ಮಾಡಬೇಕೆಂದರೂ ಎದುರಿಗೆ ಒಬ್ಬ ಬೇಕಲ್ಲ.

ನೀನು ಬಿಡಬೇಕಾಗಿದ್ದು ಅಯ್ಯನನ್ನು. ಬಿಟ್ಟಿದ್ದು ಲಿಂಗವನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಇರಲಿ. ನಿಮ್ಮ ಪಾಸ್ಟರ್ ಏನು ಕಾರಣ ಹೇಳುತ್ತಾನೆ ಕೇಳಿ ಬರೆ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೊಂದು ಕೇಳಿದರೆ ಕಿವಿಯೇನು ಸವೆಯುವುದಿಲ್ಲ.

ಸರುಬಾಯಿ


ಉದಗೀರ
೧೫ ಜನವರಿ ೨೦೨೪

ಅವ್ವನಿಗೆ ಶರಣಾರ್ಥಿ.

ಕೇಳಿದೆ. ಕೇಳಬಾರದಿತ್ತು ಎಂದು ಒಂದು ವಾರ ಅನಿಸಿತು, ಅದಕ್ಕೇ ಬರೆಯಲು ತಡವಾಯಿತು.

ಪಾಸ್ಟರ್ ರವಿಕಾಂತ ಕೆಟ್ಟವರಲ್ಲ. ಬೀದರ ಕಡೆಯವರು, ನಮ್ಮ ಹಾಗೆಯೇ ಮಾತಾಡುತ್ತಾರೆ. ಸಭೆಯಲ್ಲಿ ಯಾರಿಗೆ ಜ್ವರ ಬಂದರೂ ಮೋಟಾರ್ ಸೈಕಲ್ ತೆಗೆದುಕೊಂಡು ಓಡುತ್ತಾರೆ. ದೇವರು ಮನುಷ್ಯನಿಗೆ ಸ್ವಂತ ಇಚ್ಛೆ ಕೊಟ್ಟ, ಮನುಷ್ಯ ಅದನ್ನು ಪಾಪಕ್ಕೆ ಬಳಸಿದ, ಅಲ್ಲಿಂದ ಲೋಕಕ್ಕೆ ನೋವು ಬಂತು ಎಂದು ಅವರು ತಿಳಿಸಿದರು. ಗಂಡ ಹೆಂಡತಿಯನ್ನು ಹೊಡೆದು ಆಸ್ಪತ್ರೆಗೆ ತಂದು ಹಾಕುವುದಕ್ಕೆ ಆ ಮಾತು ಸರಿಹೋಗುತ್ತದೆ, ನಾನು ಒಪ್ಪಿದೆ. ಆಮೇಲೆ ಕೇಳಿದೆ: "ಭೂಮಿಗೂ ಸ್ವಂತ ಇಚ್ಛಾ ಅದ ಏನ್ರೀ? ಅದು ಯಾವ ಪಾಪ ಮಾಡ್ಬೇಕಂತ ಅಲಗ್ಯಾಡ್ತು?"

ಅವರು, "ಅದನ್ನ ಬಿಡ್ರಿ. ನೀವು ಉಳದಿದ್ದು ಸುಮ್ನ ಅಲ್ರೀ, ಮೀನಲಬಾಯಿ. ದೇವರು ನಿಮ್ಮನ್ನ ಆರಿಸ್ಯಾನ," ಎಂದರು.

"ಹಂಗಾದ್ರ ನನ್ನ ತಮ್ಮನ್ನ ಆರಿಸ್ಲಿಲ್ಲ?"

ಪಾಸ್ಟರ್ ಪ್ರಾರ್ಥನೆ ಮಾಡೋಣ ಎಂದರು.

ಇಲ್ಲಿ ಒಂದು ರೂಢಿ ಇದೆ. ನೀರಿಗೆ ಇಳಿಯುವ ಮುಂಚೆ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು, ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಎಂದು. ನನ್ನ ಸಾಕ್ಷಿ ಸಭೆಗೆಲ್ಲ ಬೇಕಾಗಿದೆ. ಭೂಕಂಪದಲ್ಲಿ ಉಳಿದವಳು ಎಂದರೆ ಜನ ಕಿವಿ ನಿಮಿರಿಸುತ್ತಾರೆ. "ಮಾಳಿಗಿ ಬೀಳೂ ಹೊತ್ತಿನಾಗ ದೇವರು ನನ್ನ ಕೈ ಹಿಡದು ಹೊರಗ ತಂದ, ಇಷ್ಟು ಹೇಳ್ರಿ ಸಾಕು," ಎಂದು ಪಾಸ್ಟರ್ ಹೇಳಿಕೊಟ್ಟಿದ್ದಾರೆ. ಬೇರೆ ಯಾರಿಗಾದರೂ ಅದು ಒಂದು ಸಾಲು. ನನಗೆ ಅದನ್ನು ಹೇಳಿದರೆ ವೀರಭದ್ರನ ಕೈ ಬಿಟ್ಟವನೂ ಅವನೇ ಎಂದು ಹೇಳಿದಂತೆ. ಅಂಥವನ ನೀರಿಗೆ ನಾನು ಯಾಕೆ ಇಳಿಯಲಿ?

ಆದರೂ ಇಳಿಯಬೇಕು ಅವ್ವ. ಕೂಗಿ ಕೇಳಿದವನ ಪಕ್ಕ ನಿಲ್ಲಬೇಕೆಂಬ ಆಸೆ ಹೋಗುತ್ತಿಲ್ಲ. ಸಾಕ್ಷಿ ಹೇಳದೆ ನೀರಿಲ್ಲ ಎನ್ನುತ್ತಾರೆ. ಸುಳ್ಳು ಹೇಳಿ ಇಳಿಯುವುದಿಲ್ಲ ಎನ್ನುತ್ತೇನೆ. ನೋಡೋಣ.

ಮೀನಲ


ಸಾಸ್ತೂರ
೬ ಫೆಬ್ರುವರಿ ೨೦೨೪

ಮೀನಲಾ,

ಸಾಸ್ತೂರಿನ ಅಯ್ಯನನ್ನು ಬಿಟ್ಟು ಉದಗೀರದ ತನಕ ಬಸ್ಸು ಹತ್ತಿ ಹೋಗಿ ಅದನ್ನೇ ಕೇಳಿ ಬಂದೆಯಲ್ಲ. ಒಬ್ಬ ಹೋದವನ ಕರ್ಮ ಅಂದ, ಇನ್ನೊಬ್ಬ ಉಳಿದವಳ ಪುಣ್ಯ ಅಂದ. ತಕ್ಕಡಿ ಒಂದೇ, ಹಿಡಿದವರು ಬೇರೆ.

ನಿನ್ನ ಕೈ ಹಿಡಿದವರು ಯಾರೆಂದು ಆ ಪಾಸ್ಟರಿಗೆ ನಾನು ಹೇಳುತ್ತೇನೆ, ಬರೆದುಕೋ. ಇದು ಮುಚ್ಚಿಟ್ಟ ಮಾತಲ್ಲ, ಊರಿಗೆಲ್ಲ ಗೊತ್ತು. ಶೆಡ್ಡಿನಲ್ಲಿದ್ದಾಗ ನಿನ್ನನ್ನು "ಬಾಗಲಾಗಿನ ಹುಡುಗಿ" ಎಂದೇ ಕರೆಯುತ್ತಿದ್ದರು. ನಮ್ಮ ಹಳೆಯ ಮನೆಗೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಒಳಗೆ ದಪ್ಪ ಗೋಡೆಯ ಮಗ್ಗುಲಿಗೆ, ದೊಡ್ಡ ತೊಲೆಯ ಕೆಳಗೆ ಬೆಚ್ಚಗಿರುತ್ತಿತ್ತು. ಅಲ್ಲಿ ವೀರಭದ್ರನನ್ನು ಮಲಗಿಸುತ್ತಿದ್ದೆ. ಗಂಡು ಕೂಸು, ಥಂಡಿ ಆಗಬಾರದು. ಬಾಗಿಲ ಬಳಿ ಗಾಳಿ ಬರುತ್ತಿತ್ತು, ನಾಯಿ ಬರುತ್ತಿತ್ತು. ಅಲ್ಲಿ ನೀನು. ಹೆಣ್ಣು ಹುಡುಗಿಗೆ ಏನಾಗುತ್ತದೆ ಎಂದು.

ಬೆಳಗಿನ ಜಾವ ಬಯಲಿಗೆ ಹೋಗಿ ಬಂದು ಹೊಸ್ತಿಲಿಗೆ ಕಾಲಿಟ್ಟಿದ್ದೆ. ನೆಲ ಗುಡುಗಿತು. ಕತ್ತಲಲ್ಲಿ ಬಗ್ಗಿ ಕೈಗೆ ಸಿಕ್ಕಿದ್ದನ್ನು ಎಳೆದೆ. ಸಿಕ್ಕವಳು ನೀನು. ಎರಡನೆಯ ಸಲ ಕೈ ಚಾಚುವ ಮುಂಚೆ ಮಾಳಿಗೆ ಕೂತಿತು. ಹೊಲದಲ್ಲಿ ಕಾವಲಿಗೆ ಹೋಗಿದ್ದ ನಿಮ್ಮಪ್ಪ ಓಡಿ ಬಂದು ಸಂಜೆಯ ತನಕ ಕೈಯಿಂದ ಮಣ್ಣು ತೆಗೆದರು.

ಇಚ್ಛೆ ಅಂತಾನೇನು ನಿಮ್ಮ ಪಾಸ್ಟರ್? ನನ್ನ ಇಚ್ಛೆ ಅವನನ್ನು ಕಾಪಾಡುವುದಾಗಿತ್ತು. ಅದಕ್ಕೇ ಅಂವಾ ಹೋದ. ನಿನ್ನನ್ನು ಕಡೆಗಣಿಸುವುದಾಗಿತ್ತು. ಅದಕ್ಕೇ ನೀನು ಪತ್ರ ಬರೆಯುತ್ತಿದ್ದೀ. ನಾನು ಇಚ್ಛಿಸಿದ್ದೆಲ್ಲ ತಿರುವುಮುರುವಾಯಿತು. ಇದರಲ್ಲಿ ಎಲ್ಲಿ ದೇವರ ಕೈ ಸೇರಿಸುತ್ತಾನೋ ಸೇರಿಸಲಿ, ನಾನೂ ನೋಡುತ್ತೇನೆ.

ಇದನ್ನೆಲ್ಲ ಬರೆದೆ ಎಂದು ನಾನು ಮೆತ್ತಗಾದೆ ಎಂದುಕೊಳ್ಳಬೇಡ. ನೀರಿಗೆ ಇಳಿಯುವ ದಿನ ಗೊತ್ತಾದರೆ ನನಗೂ ತಿಳಿಸು. ಆ ದಿನ ನಿನ್ನ ಲಿಂಗವನ್ನು ಹೊಲದಲ್ಲಿ ನಿಮ್ಮಪ್ಪನ ಸಮಾಧಿಯ ಪಕ್ಕ ಮಣ್ಣಿಗೆ ಹಾಕುತ್ತೇನೆ. ಬದುಕಿದ್ದವರ ಲಿಂಗವನ್ನು ಯಾರೂ ಹೂಳುವುದಿಲ್ಲ. ಹೂಳಿದರೆ ಏನು ಅರ್ಥ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ಸರುಬಾಯಿ


ಉದಗೀರ
೪ ಮಾರ್ಚ್ ೨೦೨೪

ಅವ್ವ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಬಾಗಿಲ ಮಾತಿಗಲ್ಲ, ಅದು ನನಗೆ ಹಳೆಯದು. ಚಿಕ್ಕಂದಿನಲ್ಲಿ ಅದಕ್ಕಾಗಿ ನಿನ್ನ ಮೇಲೆ ಸಿಟ್ಟಿತ್ತು. ನಡುವೆ ಯಾವಾಗಲೋ ಅದು ತಮ್ಮನ ಜಾಗದಲ್ಲಿ ಉಳಿದೆನಲ್ಲ ಎಂಬ ನಾಚಿಕೆಯಾಯಿತು. ಈಗ ಎರಡೂ ಇಲ್ಲ. ಊಟ ಸೇರದಿದ್ದುದು ಲಿಂಗದ ಮಾತಿಗೆ. ನೀನು ಹೇಳಿದ್ದನ್ನು ಮಾಡುವವಳು ಎಂದು ನನಗೆ ಗೊತ್ತು.

ಆದರೂ ನಿನ್ನೆ ಹೋದೆ. ನಮ್ಮ ಸಭೆಯ ಹಿಂದೆ ಒಂದು ಸಿಮೆಂಟಿನ ಹೌದಿ ಇದೆ, ದೀಕ್ಷಾಸ್ನಾನ ಅದರಲ್ಲೇ. ಉದಗೀರದ ಬೇಸಿಗೆ ನಿನಗೆ ಗೊತ್ತಲ್ಲ, ನಳದಲ್ಲಿ ಹೌದಿ ತುಂಬುವಷ್ಟು ನೀರು ಬರುವುದಿಲ್ಲ. ಟ್ಯಾಂಕರ್ ಬಂದ ದಿನವೇ ಮುಹೂರ್ತ. ನಿನ್ನೆ ಬಂತು. ನಾವು ನಾಲ್ಕು ಜನ ಬಿಳಿ ಬಟ್ಟೆ ಉಟ್ಟು ನಿಂತೆವು. ಮೊದಲಿನ ಮೂವರು ಸಾಕ್ಷಿ ಹೇಳಿದರು, ಇಳಿದರು, ಎದ್ದರು. ನನ್ನ ಸರದಿ ಬಂದಾಗ ಜನ ಮುಂದೆ ಸರಿದು ಕೂತರು.

"ದೇವರು ನನ್ನನ್ನ ಆರಿಸಿದ ಅಂತ ನಾ ಹೇಳೂದಿಲ್ಲ," ಎಂದೆ. "ನನ್ನ ತಮ್ಮನ ಹೆಸರು ವೀರಭದ್ರ. ನನಗಿಂತ ಛಲೋ ಹುಡುಗ ಇದ್ದ."

ಪಾಸ್ಟರ್ ಅಲ್ಲಿಗೇ ತಡೆದರು. ಹಾಡು ಶುರು ಮಾಡಿಸಿದರು. ಆಮೇಲೆ ಪಕ್ಕಕ್ಕೆ ಕರೆದು, "ನಿಮ್ಮ ಮನಸ್ಸು ಇನ್ನ ತಯಾರ ಆಗಿಲ್ರೀ," ಎಂದರು. "ದೇವರು ಇಚ್ಛಾ ಕೊಟ್ಟಿದ್ದು ಖರೇ ಇದ್ರ, ಸುಳ್ಳು ಹೇಳಬಾರದು ಅನ್ನೂದು ನನ್ನ ಇಚ್ಛಾರೀ," ಎಂದೆ. ಬಿಳಿ ಸೀರೆಯಲ್ಲೇ ಆಟೋ ಹತ್ತಿ ಮನೆಗೆ ಬಂದೆ. ಯಾರ ಮನೆಯಲ್ಲಿ ಸಾವಾಗಿದೆ ಎಂದು ಆಟೋದವನು ಕೇಳಿದ.

ಹೌದಿಯಲ್ಲಿ ನೀರು ಇದ್ದಷ್ಟು ದಿನ ಬಾಗಿಲು ತೆರೆದಿರುತ್ತದಂತೆ. ನಾನು ಪ್ರತಿ ರವಿವಾರ ಹೋಗುತ್ತೇನೆ, ಪ್ರತಿ ರವಿವಾರ ಇದನ್ನೇ ಹೇಳುತ್ತೇನೆ. ನೀನು ನಿನ್ನ ಗುದ್ದಲಿ ತಯಾರು ಮಾಡಿಕೋ. ನಿನ್ನ ಬೆದರಿಕೆಗೆ ನಿಲ್ಲುವುದಿಲ್ಲ, ಅವರ ಬೆದರಿಕೆಗೆ ಬಗ್ಗುವುದಿಲ್ಲ. ನಿನ್ನ ಹೊಟ್ಟೆಯಲ್ಲಿ ಹುಟ್ಟಿ ಬೇರೆ ಹೇಗಾದರೂ ಇರಲು ನನಗೆ ಬರುವುದಿಲ್ಲ.

ಮೀನಲ


ಸಾಸ್ತೂರ
೧೯ ಮಾರ್ಚ್ ೨೦೨೪

ಮೀನಲಾ,

ಗುದ್ದಲಿ ತೆಗೆದಿಟ್ಟಿದ್ದೇನೆ. ಕಾವು ಸಡಿಲಾಗಿತ್ತು, ಬಡಿಗೇರನಿಂದ ಬಿಗಿ ಮಾಡಿಸಿದೆ.

ನಡುವೆ ಮಾತು ತಡೆದು ಹಾಡು ಹಾಡಿಸಿದ ಎಂದು ಬರೆದಿದ್ದೀ. ಹಾಗಾದರೆ ಪೂರ್ತಿ ಏನು ಹೇಳಬೇಕೆಂದಿದ್ದೆ?

ಉಮರ್ಗಾದಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶೇಂಗಾ ಹಿಂಡಿ, ಕಡಕ ರೊಟ್ಟಿ ಬರುತ್ತದೆ. ಅದು ನಾನು ಕಳಿಸಿದ್ದಲ್ಲ, ಗಿರಿಜಾ ಕಳಿಸಿದ್ದು. ಖಾರ ಕಡಿಮೆ ಹಾಕಿಸಿದ್ದೇನೆ.

ಸರುಬಾಯಿ


ಉದಗೀರ
೨೨ ಏಪ್ರಿಲ್ ೨೦೨೪

ಅವ್ವನಿಗೆ ಶರಣಾರ್ಥಿ.

ನಿನ್ನೆ ರವಿವಾರ ನೀರಿಗೆ ಇಳಿದೆ. ತಿಳಿಸು ಎಂದಿದ್ದೆ, ತಿಳಿಸಿದ್ದೇನೆ.

ಹೇಗಾಯಿತು ಎಂದು ಬರೆಯುತ್ತೇನೆ. ಆಮೇಲೆ ಆರು ರವಿವಾರ ನಾನು ನಿಂತೆ, ಆರು ಸಲವೂ ಹಾಡು ಶುರುವಾಯಿತು. ಸಭೆಯ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಹೋದ ವಾರ ನಮ್ಮ ವಾರ್ಡಿಗೆ ವಲಾಂಡಿಯ ಒಂದು ಮಗು ಬಂತು, ಸಭೆಯವರದೇ. ಪಾಸ್ಟರ್ ಎರಡು ದಿನ ಅದರ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ, ಮೊಣಕಾಲೂರಿ ಪ್ರಾರ್ಥಿಸಿದರು. ಮಗು ಉಳಿಯಲಿಲ್ಲ. ಅದರ ತಾಯಿ ಈ ಸಲ ನನ್ನ ಸೆರಗು ಹಿಡಿಯಲಿಲ್ಲ, ಅವರ ಅಂಗಿ ಹಿಡಿದಳು. "ಯಾಕ್ರೀ ಪಾಸ್ಟರ್?" ಅವರು ನನ್ನ ಕಡೆ ನೋಡಿದರು. ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತುಬಿಟ್ಟರು. ಅವತ್ತು ಅವರ ಮೇಲೆ ನನಗೆ ಬಂದಷ್ಟು ಪ್ರೀತಿ ಒಂದು ವರ್ಷ ಅವರ ಉಪದೇಶ ಕೇಳಿದರೂ ಬಂದಿರಲಿಲ್ಲ.

ಹೋಗುವಾಗ ಮೆಟ್ಟಿಲ ಹತ್ತಿರ ನಿಂತು, "ನನ್ಹತ್ರ ಉತ್ತರ ಇಲ್ರೀ ಮೀನಲಬಾಯಿ. ಹೌದಿನಾಗ ಮೊಳಕಾಲ ತನಕ ನೀರು ಉಳದದ. ನಿಮ್ಮ ಸಾಕ್ಷಿ ನಿಮ್ಮ ಮಾತಿನಾಗೇ ಹೇಳ್ರಿ, ನಾ ತಡಿಯೂದಿಲ್ಲ," ಎಂದರು.

ಪೂರ್ತಿ ಏನು ಹೇಳಬೇಕೆಂದಿದ್ದೆ ಎಂದು ಕೇಳಿದ್ದೆಯಲ್ಲ. ಇದನ್ನು ಹೇಳಿದೆ:

"ನಾ ಸಾಸ್ತೂರಿನ ಸರುಬಾಯಿ ಮಗಳು. ನಾ ಉಳದೀನಿ, ಯಾಕಂದ್ರ ನಮ್ಮವ್ವ ನನ್ನ ಬಾಗಲಾಗ ಮಲಗಿಸಿದ್ಲು. ನನ್ನ ತಮ್ಮ ವೀರಭದ್ರ ಸತ್ತ. ಯಾಕಂತ ನನಗ ಗೊತ್ತಿಲ್ಲ. ಅವನ ಪಾಪ ಅಲ್ಲ, ನಮ್ಮವ್ವಂದೂ ಅಲ್ಲ. ದೇವರ ಇಚ್ಛಾ ಅಂತ ಯಾರರೆ ಅಂದ್ರ ನಾ ಒಪ್ಪೂದಿಲ್ಲ. ಯೇಸುನೂ ಯಾಕ ಅಂತ ಕೇಳ್ಯಾನ, ಅವಂಗೂ ಯಾರೂ ಹೇಳಿಲ್ಲ. ಅದಕ್ಕ ನಾ ಅವನ ಸಂಗಾಟ ಇರ್ತೀನಿ. ಅವನ ಅಪ್ಪನ ಮುಂದ ಹೋಗಿ ನಿಂತಾಗ ಇಬ್ಬರೂ ಕೂಡಿ ಕೇಳ್ತೀವಿ."

ಯಾರೂ ಹಾಡಲಿಲ್ಲ. ನೀರು ಕಡಿಮೆಯಿದ್ದುದರಿಂದ ಕೂರಬೇಕಾಯಿತು. ಪಾಸ್ಟರ್ ನನ್ನ ತಲೆ ಹಿಡಿದು ಮುಳುಗಿಸಿದರು. ಒಳಗೆ ಟ್ಯಾಂಕರಿನ ತುಕ್ಕಿನ ವಾಸನೆ. ಎದ್ದಾಗ ಮೊದಲು ನೆನಪಾಗಿದ್ದು ನೀನು, ಹೊಲದಲ್ಲಿ ಗುದ್ದಲಿ ಹಿಡಿದು ನಿಂತ ಹಾಗೆ.

ಹೂಳಿದರೆ ಹೂಳು ಅವ್ವ. ನಾನು ಪತ್ರ ಬರೆಯುವುದನ್ನು ಬಿಡುವುದಿಲ್ಲ. ಸತ್ತವಳು ಪತ್ರ ಬರೆಯುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗು.

ಮೀನಲ


ಸಾಸ್ತೂರ
೧೨ ಮೇ ೨೦೨೪

ಮೀನಲಾ,

ನಿನ್ನ ಪತ್ರವನ್ನು ಗಿರಿಜಾಳಿಂದ ಓದಿಸಿದೆ. ನನಗೆ ಕಣ್ಣು ಕಾಣಿಸುವುದಿಲ್ಲ ಎಂದಲ್ಲ. ಬೇರೆಯವರ ಬಾಯಿಂದ ಕೇಳಬೇಕಿತ್ತು. ಆಕಿ ಎರಡು ಸಲ ಓದಿ, ಪತ್ರ ಮಡಚಿ, "ಅಕ್ಕಾ, ನಿನ್ನ ಮಗಳು ನಿನಗಿಂತ ಜಗಳಗಂಟಿ ಅದಾಳ," ಎಂದಳು.

ಮೂವತ್ತು ವರ್ಷದಲ್ಲಿ ನನ್ನ ಎದುರು ವೀರಭದ್ರನ ಹೆಸರು ಎತ್ತಿದವರೆಲ್ಲ ಅದರ ಹಿಂದೆಯೇ ಒಂದು ಕಾರಣ ಕಟ್ಟಿದರು. ಕರ್ಮ ಎಂದರು, ಹಣೆಬರಹ ಎಂದರು, ಕಲ್ಲಿನ ಮನೆ ಕಟ್ಟಿದ್ದೇ ತಪ್ಪು ಎಂದರು. ನಿಮ್ಮಪ್ಪ ಸಾಯುವ ತನಕ ಅವನ ಹೆಸರನ್ನೇ ಹೇಳಲಿಲ್ಲ. ಹೆಸರು ಹೇಳಿ, ಯಾಕೆ ಎಂದು ಗೊತ್ತಿಲ್ಲ ಎಂದು ನಾಲ್ಕು ಜನರೆದುರು ನಿಂತವಳು ನೀನೊಬ್ಬಳು. ನನ್ನ ಪಾಪವಲ್ಲ ಎಂದೆಯಲ್ಲ, ಆ ಸಾಲು ಬಂದಾಗ ಗಿರಿಜಾಳನ್ನು ನಿಲ್ಲಿಸಿ ಹೊರಗೆ ಹೋಗಿ ಬಂದೆ.

ನಿನ್ನೆ ಗುದ್ದಲಿ ಹಿಡಿದು ಹೊಲಕ್ಕೆ ಹೋದೆ. ಹೇಳಿದ ಮಾತು ಮಾಡಬೇಕೆಂದೇ ಹೋದೆ, ಸುಳ್ಳು ಹೇಳುವುದಿಲ್ಲ. ನಿಮ್ಮಪ್ಪನ ಸಮಾಧಿಯ ಎಡಕ್ಕೆ ತಗ್ಗು ತೋಡಿದೆವು. ನೆಲ ಕಾದು ಕಲ್ಲಾಗಿತ್ತು, ಗಿರಿಜಾ ಕೊಡ ಹೊತ್ತು ನೀರು ಹಾಕಿದಳು. ಕೊರಳಿಗೆ ಕೈ ಹಾಕಿದೆ. ಕೈಗೆ ನಿನ್ನದು ಸಿಕ್ಕಿತು, ಈಗಲೂ ಮೊದಲು ಸಿಗುವವಳು ನೀನೇ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಪತ್ರ ಬರೆಯುವವಳನ್ನು ಮಣ್ಣಿಗೆ ಹಾಕಿ, ಸತ್ತವನನ್ನು ಕೊರಳಲ್ಲಿ ಕಟ್ಟಿಕೊಂಡು ತಿರುಗುತ್ತೇನಲ್ಲ, ನನಗೆ ಏನಾಗಿದೆ ಎನಿಸಿತು.

ನಿನ್ನದನ್ನು ಬಿಟ್ಟು ಅವನದನ್ನು ತೆಗೆದೆ. ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದೆ, ವಿಭೂತಿ ಹಚ್ಚಿದೆ. ಅಯ್ಯನನ್ನು ಕರೆಯಲಿಲ್ಲ. ಮಣ್ಣು ಕೊಟ್ಟೆ.

ಒಪ್ಪಿಕೊಂಡು ಕೊಟ್ಟೆ ಎಂದು ಯಾರಿಗೂ ಹೇಳಬೇಡ. ಕಾರಣ ಯಾರೂ ಹೇಳಿಲ್ಲ, ನನ್ನ ಜಗಳ ಮುಗಿದಿಲ್ಲ. ಆದರೆ ಜಗಳ ನನ್ನದು. ಅದಕ್ಕಾಗಿ ಕೂಸನ್ನು ಇಷ್ಟು ವರ್ಷ ಹೊರಗೆ ಕೂಡಿಸಿದ್ದೆ. ಒಳಗೆ ಬೆಚ್ಚಗೆ ಮಲಗಿ ರೂಢಿಯಾದ ಕೂಸು.

ನೀನು ಬೇರೆ ನೀರಿಗೆ ಇಳಿದದ್ದು ನನಗೆ ಇಷ್ಟವಿಲ್ಲ. ಇಂದಿಗೂ ಇಲ್ಲ, ನಾಳೆಗೂ ಇಲ್ಲ. ಆದರೂ ಅಲ್ಲಿ ನನ್ನ ಪ್ರಶ್ನೆಯನ್ನೇ ಕೇಳುತ್ತೀರಿ ಎಂದಮೇಲೆ, ಆ ಯೇಸುವಿಗೆ ಹೇಳು, ನೀವಿಬ್ಬರು ಕೇಳಲು ಹೋಗುವಾಗ ಸಾಸ್ತೂರಿನವಳನ್ನೂ ಕರೆಯಲಿ. ನನಗೂ ಅಲ್ಲಿ ಕೆಲಸವಿದೆ.

ನಿನ್ನ ಲಿಂಗ ನನ್ನ ಕೊರಳಲ್ಲೇ ಇರುತ್ತದೆ. ಬೇಕೆಂದರೆ ಕೇಳು, ಬೇಡವೆಂದರೆ ಬಿಡು. ನಾನು ಹೋದ ಮೇಲೆ ಎಡಗೈಯಲ್ಲಿ ನನ್ನದು, ಬಲಗೈಯಲ್ಲಿ ನಿನ್ನದು ಇಟ್ಟು ಕೂಡಿಸು. ಹಾಗೆ ಯಾರೂ ಮಾಡುವುದಿಲ್ಲ ಎನ್ನುತ್ತಾರೆ, ಮಾಡು. ಮಣ್ಣು ಕೊಡಲು ನೀನೇ ಬರಬೇಕು. ಜಾತಿ ಬಿಟ್ಟವಳು ಒಳಗೆ ಬರಬಾರದು ಎಂದು ಯಾರಾದರೂ ಅಡ್ಡ ನಿಂತರೆ, ಈ ಮನೆಯ ಬಾಗಿಲಲ್ಲಿ ಮಲಗಿದವಳು ನಾನು ಎಂದು ಹೇಳಿ ದಾಟಿ ಬಾ.

ನಾಳೆ ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ ಅವ್ವ,
ಸರುಬಾಯಿ